ಹತ್ತು ಮುಗಿಯಿತು, ಹನ್ನೊಂದು ಕೂರಲಿಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಕೆಡದ ಕಂಪ್ಯೂಟರ್‌ಗಳು ಒಂದೇ ದಿನಕ್ಕೆ ಹಳತಾದವು. ಅವನ್ನು ಗುಜರಿಗೆ ಹಾಕುವ ಮುನ್ನ ದಿನವೂ ಅವುಗಳ ಮುಂದೆ ಕೂರುವವರ ಮಾತನ್ನು ಕೇಳಬೇಕು.

ಆಯುಧಪೂಜೆಯ ಸಂಜೆ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಯಂತ್ರಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟಿದ್ದಾರೆ. ಜೆರಾಕ್ಸ್ ಮಷಿನ್‌ಗೆ ಸೇವಂತಿಗೆ ಹಾರ, ಲ್ಯಾಮಿನೇಷನ್ ಪೆಟ್ಟಿಗೆಗೆ ವಿಭೂತಿ, ಕಪ್ಪು ಸಿಪಿಯು ಮೇಲೆ ಅರಿಶಿನ ಕುಂಕುಮ, ಕೀಬೋರ್ಡಿನ ಮೇಲೆ ನಾಲ್ಕು ಎಸಳು ಹೂ. ಬೂದುಗುಂಬಳಕಾಯಿ ಒಡೆದಾಗಿದೆ. ಅಕ್ಕಪಕ್ಕದ ಅಂಗಡಿಗಳಿಗೆ ಮಂಡಕ್ಕಿ, ಕಡಲೆ ಹೋಗುತ್ತಿದೆ.

ಎರಡು ವಾರ ಕಳೆಯುವಷ್ಟರಲ್ಲಿ ಅದೇ ಸಿಪಿಯುವಿನ ಪರದೆಯ ಮೇಲೆ ನೀಲಿ ಸೂಚನೆ ಮೂಡುತ್ತದೆ. ರಿಪೇರಿ ಹುಡುಗ ಬಂದು ಐದು ನಿಮಿಷ ನೋಡಿ ಮೌಸ್ ಬಿಡುತ್ತಾನೆ.

“ಅಣ್ಣ, ಇದಕ್ಕೆ ಹನ್ನೊಂದು ಕೂರಲ್ಲ.”

“ಯಾಕಪ್ಪಾ, ಚೆನ್ನಾಗೇ ಓಡ್ತಿದೆಯಲ್ಲ?”

“ಓಡ್ತದೆ. ಪ್ರೊಸೆಸರ್ ಏಳನೇ ಜನರೇಷನ್ನು. ಎಂಟರಿಂದ ಮೇಲಿದ್ರೆ ಮಾತ್ರ ತಗೊಳ್ಳೋದು. ಹೊಸದು ತಗೊಂಬಿಡಿ.”

ಹೊಸದೆಂದರೆ ಮೂವತ್ತು, ನಲವತ್ತು ಸಾವಿರ. ಜೆರಾಕ್ಸ್ ಅಂಗಡಿಗೆ ಅದು ಹಲವು ತಿಂಗಳ ಲಾಭ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆಯೂ ಏರಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಸಗಟಾಗಿ ಬಾಚಿಕೊಂಡಿದ್ದರಿಂದ ಮನೆಬಳಕೆಯ ಕಂಪ್ಯೂಟರ್ ಕೊಳ್ಳುವವರು ಹೆಚ್ಚು ತೆರಬೇಕಾಯಿತು.

ಆ ದಿನ ನಿಂತದ್ದೇನು?

ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. ಆ ವರ್ಷ ಮೈಕ್ರೋಸಾಫ್ಟ್‌ನ ಉದ್ಯೋಗಿಯೊಬ್ಬರು ಕಂಪನಿಯ ವೇದಿಕೆಯಲ್ಲೇ ‘ಇದು ವಿಂಡೋಸ್‌ನ ಕೊನೆಯ ಆವೃತ್ತಿ’ ಎಂದಿದ್ದರು. ಜನ ನಂಬಿದರು. ಆರು ವರ್ಷಕ್ಕೆ, 2021ರ ಅಕ್ಟೋಬರ್ 5ರಂದು, ವಿಂಡೋಸ್ 11 ಬಂತು. 2025ರ ಅಕ್ಟೋಬರ್ 14ಕ್ಕೆ ಹತ್ತರ ಬೆಂಬಲ ಮುಗಿಯಿತು.

ಅಂದು ಯಾವ ಕಂಪ್ಯೂಟರೂ ಆಫ್ ಆಗಲಿಲ್ಲ. ಪಹಣಿ ಪ್ರಿಂಟ್ ಆಯಿತು, ಸ್ಕಾಲರ್‌ಶಿಪ್ ಅರ್ಜಿ ಅಪ್‌ಲೋಡ್ ಆಯಿತು. ನಿಂತದ್ದು ಪ್ರತಿ ತಿಂಗಳ ಎರಡನೇ ಮಂಗಳವಾರ ಬರುತ್ತಿದ್ದ ಭದ್ರತಾ ಅಪ್‌ಡೇಟ್. ಮನೆ ಗಟ್ಟಿಯಾಗಿಯೇ ಇದೆ, ಬೀಗ ಸರಿಮಾಡಲು ಬರುತ್ತಿದ್ದವನು ಮಾತ್ರ ಇನ್ನು ಬರುವುದಿಲ್ಲ.

ಈ ಅಪಾಯ ಕಟ್ಟುಕಥೆಯಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಸುಮಾರು 150 ದೇಶಗಳ ಕಂಪ್ಯೂಟರ್‌ಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ, ಬಂದಿತ್ತು. ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಅದನ್ನು ಹಾಕಿಕೊಳ್ಳದವರು. ಹಾಗಾಗಿ ‘ಏನೂ ಆಗಲ್ಲ, ಓಡಿಸಿ’ ಎನ್ನುವ ಸಲಹೆಯನ್ನು ನಾನು ಒಪ್ಪಲಾರೆ.

ಆದರೆ ಬೀಗದ ನೆಪದಲ್ಲಿ ಮನೆಯನ್ನೇ ಕೆಡವಿ ಎನ್ನುವುದನ್ನೂ ಒಪ್ಪಲಾಗದು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಮತ್ತು ಇಂಟೆಲ್ ಆದರೆ ಎಂಟನೇ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್. 2017ರ ಆರಂಭದಲ್ಲಿ ಕೊಂಡ ಒಳ್ಳೆಯ ಲ್ಯಾಪ್‌ಟಾಪ್ ಕೂಡ ಈ ಗೆರೆಯ ಆಚೆ ಉಳಿಯಿತು. ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರಲ್ಲೇ ಅಂದಾಜಿಸಿದಂತೆ, ಈ ಕಾರಣಕ್ಕೆ ಜಗತ್ತಿನಲ್ಲಿ 24 ಕೋಟಿ ಕಂಪ್ಯೂಟರ್‌ಗಳು ಕಸವಾಗಬಹುದು. ಬೆಂಬಲ ಮುಗಿದ ಹೊತ್ತಿನಲ್ಲಿ ಸ್ಟ್ಯಾಟ್‌ಕೌಂಟರ್ ಲೆಕ್ಕದ ಪ್ರಕಾರ ಹತ್ತು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ನಾಲ್ಕು ಇನ್ನೂ ವಿಂಡೋಸ್ 10ರಲ್ಲೇ ಇದ್ದವು.

ಬಾಕ್ಸ್: ವಿಂಡೋಸ್ ಜಾತಕ

ವಿಂಡೋಸ್ 95 – ಬಂದದ್ದು 1995ರ ಆಗಸ್ಟ್ 24. ಸ್ಟಾರ್ಟ್ ಬಟನ್ ಹುಟ್ಟಿದ್ದು ಇದರಲ್ಲಿ.
ಎಕ್ಸ್‌ಪಿ – 2001ರ ಅಕ್ಟೋಬರ್ 25ರಿಂದ 2014ರ ಏಪ್ರಿಲ್ 8ರವರೆಗೆ. ಅದರ ಹಸಿರು ಗುಡ್ಡದ ಚಿತ್ರ ಕಂಪ್ಯೂಟರಿನಲ್ಲಿ ಬಿಡಿಸಿದ್ದಲ್ಲ. ಚಾರ್ಲ್ಸ್ ಓರೇರ್ 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಫೋಟೊ.
ವಿಂಡೋಸ್ 7 – 2009ರ ಅಕ್ಟೋಬರ್ 22ರಿಂದ 2020ರ ಜನವರಿ 14ರವರೆಗೆ.
ವಿಂಡೋಸ್ 10 – 2015ರ ಜುಲೈ 29ರಿಂದ 2025ರ ಅಕ್ಟೋಬರ್ 14ರವರೆಗೆ.

ಕೌಂಟರಿನ ಹಿಂದೆ ಕೂತವರ ತೀರ್ಪು

ವಿಂಡೋಸ್ ಬಗ್ಗೆ ಅಭಿಪ್ರಾಯ ಹೇಳಲು ಯಾರೂ ಇಂಜಿನಿಯರಿಂಗ್ ಓದಬೇಕಿಲ್ಲ. ‘ಎಕ್ಸ್‌ಪಿ ಚೆನ್ನಾಗಿತ್ತು’, ‘ವಿಸ್ತಾ ಹಾಕಿಸಿ ಕೆಟ್ಟೆ’, ‘ಸೆವೆನ್‌ನಷ್ಟು ಒಳ್ಳೇದು ಆಮೇಲೆ ಬರಲೇ ಇಲ್ಲ’, ‘ಎಂಟರಲ್ಲಿ ಸ್ಟಾರ್ಟ್ ಬಟನ್ನೇ ಇರಲಿಲ್ಲ ಮಾರಾಯ’. ಬ್ಯಾಂಕಿನ ಗುಮಾಸ್ತರು, ಡಿಟಿಪಿ ಮಾಡುವವರು, ಶಾಲೆಯ ಮೇಷ್ಟ್ರು, ಹಾಸ್ಟೆಲ್ ಹುಡುಗರು ಎಲ್ಲರೂ ಹೇಳುವ ಮಾತುಗಳಿವು.

ಇವನ್ನು ಹಳೆಯದರ ಮೋಹ ಎಂದು ತಳ್ಳಿಹಾಕುವುದು ತಂತ್ರಜ್ಞಾನ ಬಲ್ಲವರ ರೂಢಿ. ನನಗೆ ಹಾಗೆ ಕಾಣುವುದಿಲ್ಲ. ಹಿಂದಿನ ಇಪ್ಪತ್ತು ವರ್ಷ ತಿರುಗಿ ನೋಡಿದರೆ ಬಳಸುವವರ ತೀರ್ಪೇ ಹೆಚ್ಚು ಸಲ ನಿಜವಾಗಿದೆ.

ವಿಸ್ತಾ 2007ರ ಜನವರಿಯಲ್ಲಿ ಬಂತು. ಅಂದಿನ ಬಹಳಷ್ಟು ಮನೆಗಳ ಕಂಪ್ಯೂಟರಿನಲ್ಲಿ ಇದ್ದದ್ದು 256 ಅಥವಾ 512 ಎಂಬಿ ರ‍್ಯಾಮ್. ವಿಸ್ತಾ ತನ್ನ ಅಂದಚಂದಗಳೊಂದಿಗೆ ಓಡಲು 1 ಜಿಬಿ ಬೇಕಿತ್ತು. ‘ಸಿಸ್ಟಮ್ ಹ್ಯಾಂಗ್ ಆಗುತ್ತೆ’ ಎಂದು ಜನ ಹೇಳಿದ್ದು ಅಕ್ಷರಶಃ ಸತ್ಯ. ‘ವಿಸ್ತಾ ಓಡುತ್ತದೆ’ ಎಂಬ ಸ್ಟಿಕರ್ ಅಂಟಿಸಿ ಕಡಿಮೆ ಶಕ್ತಿಯ ಕಂಪ್ಯೂಟರ್ ಮಾರಿದ್ದರ ವಿರುದ್ಧ ಅಮೆರಿಕದಲ್ಲಿ ಮೊಕದ್ದಮೆಯೇ ಹೂಡಲಾಯಿತು.

2012ರಲ್ಲಿ ಬಂದ ವಿಂಡೋಸ್ 8 ಟಚ್ ಪರದೆಗೆಂದು ದೊಡ್ಡ ದೊಡ್ಡ ಚೌಕಗಳನ್ನು ತಂದು, ಸ್ಟಾರ್ಟ್ ಬಟನ್ ಕಿತ್ತುಹಾಕಿತು. ಎದುರಿಗೆ ಮೌಸ್ ಹಿಡಿದು ಕೂತವರು ಕಂಗಾಲಾದರು. ಮರುವರ್ಷವೇ 8.1ರಲ್ಲಿ ಬಟನ್ ವಾಪಸ್ ಬಂತು. ಹತ್ತರಲ್ಲಿ ಪೂರ್ತಿ ಮೆನುವೇ ಬಂತು. ತಪ್ಪು ಬಳಸುವವರದ್ದಾಗಿದ್ದರೆ ಕಂಪನಿ ಹಿಂದೆ ಸರಿಯುತ್ತಿರಲಿಲ್ಲ.

2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ‘ರೀಕಾಲ್’ ಎಂಬ ಸೌಲಭ್ಯ ಪ್ರಕಟಿಸಿತು. ಕೆಲವೇ ಸೆಕೆಂಡುಗಳಿಗೊಮ್ಮೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಹಿಂದೆ ನೋಡಿದ್ದನ್ನು ಹುಡುಕಿಕೊಡುವ ಏರ್ಪಾಡು ಇದು. ‘ನನ್ನ ಬ್ಯಾಂಕ್ ಖಾತೆ, ನನ್ನ ಪತ್ರಗಳನ್ನೆಲ್ಲ ಫೋಟೊ ಹೊಡೆಯಲು ನೀವ್ಯಾರು?’ ಎಂದು ಜನ ಕೇಳಿದರು, ಭದ್ರತಾ ತಜ್ಞರೂ ದನಿಗೂಡಿಸಿದರು. ಬಿಡುಗಡೆ ಮುಂದಕ್ಕೆ ಹೋಯಿತು. ಬಳಕೆದಾರರು ತಾವಾಗಿ ಆನ್ ಮಾಡಿದರೆ ಮಾತ್ರ ಕೆಲಸ ಮಾಡುವಂತೆ ಅದನ್ನು ಬದಲಿಸಬೇಕಾಯಿತು.

ಈಗ ಹನ್ನೊಂದರ ಬಗ್ಗೆ ಕೇಳಿಬರುವ ದೂರುಗಳನ್ನೂ ಇದೇ ಗೌರವದಿಂದ ಕೇಳಬೇಕು. ಟಾಸ್ಕ್‌ಬಾರನ್ನು ಪಕ್ಕಕ್ಕೆ ಸರಿಸಲು ಅದು ಬಂದಾಗ ಬಿಡುತ್ತಿರಲಿಲ್ಲ. ಹೋಮ್ ಆವೃತ್ತಿ ಹಾಕುವಾಗಲೇ ಇಂಟರ್ನೆಟ್, ಮೈಕ್ರೋಸಾಫ್ಟ್ ಖಾತೆ ಎರಡೂ ಬೇಕು ಎನ್ನುತ್ತದೆ. ನೆಟ್‌ವರ್ಕ್ ಸಿಗದ ಮಲೆನಾಡಿನ ಮನೆಯಲ್ಲಿ ಕೂತು ಹೊಸ ಲ್ಯಾಪ್‌ಟಾಪ್ ತೆರೆಯುವವರಿಗೆ ಇದು ಸಣ್ಣ ವಿಷಯವಲ್ಲ. ದುಡ್ಡು ಕೊಟ್ಟು ತಂದ ಯಂತ್ರ ಯಾರ ಮಾತು ಕೇಳಬೇಕು ಎಂಬುದೇ ಈ ದೂರುಗಳ ಒಳಗಿರುವ ಪ್ರಶ್ನೆ.

ಕನ್ನಡದ ಕಡತಗಳ ಗತಿ

ನಮ್ಮ ನಾಡಿನಲ್ಲಿ ಆಪರೇಟಿಂಗ್ ಸಿಸ್ಟಮ್ ಬದಲಿಸುವುದೆಂದರೆ ಇನ್ನೊಂದು ತೊಡಕಿದೆ. ಜಾಗತಿಕ ವರದಿಗಳು ಅದನ್ನು ಕಾಣುವುದಿಲ್ಲ.

ಯಾವುದೇ ಊರಿನ ಹಳೆಯ ಡಿಟಿಪಿ ಅಂಗಡಿಗೆ ಹೋಗಿ. ಮೂಲೆಯಲ್ಲೊಂದು ಹಳೆಯ ಕಂಪ್ಯೂಟರ್ ಇರುತ್ತದೆ. ಒಳಗೆ ಎಕ್ಸ್‌ಪಿ ಇಲ್ಲವೇ ಸೆವೆನ್, ಅದರಲ್ಲಿ ಪೇಜ್‌ಮೇಕರ್. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ, ಏಳನೆಯದು, ಬಂದದ್ದು 2001ರಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಆದರೂ ಮದುವೆ ಕರೆಯೋಲೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ ಎಲ್ಲವೂ ಅದರಲ್ಲೇ ಹುಟ್ಟಿದವು. ಒಂದು ಊರಿನ ಇಪ್ಪತ್ತು ವರ್ಷದ ಬದುಕು ಆ ಹಾರ್ಡ್‌ಡಿಸ್ಕಿನಲ್ಲಿದೆ.

ಆ ಕಾಲದ ಕನ್ನಡ ತಂತ್ರಾಂಶಗಳು ಮಾಡಿದ ಕೆಲಸವನ್ನು ಮರೆಯುವಂತಿಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ ‘ಬರಹ’ವನ್ನು 1998ರಲ್ಲಿ ಹೊರತಂದರು. ಕನ್ನಡ ಗಣಕ ಪರಿಷತ್ತು (ಕಗಪ) ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳಲ್ಲಿ ನೆಲೆಯೂರಿತು. ಕೆ.ಪಿ. ರಾವ್ ಅವರ ತರ್ಕಬದ್ಧ ಕೀಲಿಮಣೆ ವಿನ್ಯಾಸದ ಮೇಲೆ ನಿಂತ ಜೋಡಣೆಯಲ್ಲಿ ಲಕ್ಷಾಂತರ ಬೆರಳುಗಳು ಪಳಗಿದವು. ಮೈಕ್ರೋಸಾಫ್ಟ್‌ನ ವಿಂಡೋಸ್ ತಾನಾಗಿ ಕನ್ನಡ ತೋರಿಸಲು ಕಲಿತದ್ದು ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟಿನೊಂದಿಗೆ. ಅಷ್ಟರಲ್ಲಿ ನಮ್ಮವರು ತಮ್ಮ ದಾರಿ ತಾವು ಮಾಡಿಕೊಂಡಾಗಿತ್ತು.

ಆ ದಾರಿಯ ಬೆಲೆ ಈಗ ಕಾಣುತ್ತಿದೆ. ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸರಮಾಲೆ. ಗೂಗಲ್ ಅದನ್ನು ಹುಡುಕಲಾರದು, ಫೋನು ಓದಲಾರದು. ಕೆಲವು ತಂತ್ರಾಂಶಗಳಿಗೆ ಡಾಂಗಲ್ ಎಂಬ ಪರವಾನಗಿ ಕೀಲಿ ಚುಚ್ಚಲೇಬೇಕು. ಡಾಂಗಲ್‌ನ ಡ್ರೈವರ್ ಹೊಸ ವಿಂಡೋಸ್‌ಗೆ ಸಿಗದಿದ್ದರೆ ಅಲ್ಲಿಗೆ ಮುಗಿಯಿತು.

ಆದ್ದರಿಂದ ಡಿಟಿಪಿಯವರು ‘ಈ ಸಿಸ್ಟಮ್ ಮುಟ್ಟಬೇಡಿ’ ಎಂದು ರೇಗುವುದಕ್ಕೆ ಬಲವಾದ ಕಾರಣವಿದೆ. ಅವರಿಗೆ ನನ್ನ ಸಲಹೆ ಇಷ್ಟೆ: ಆ ಯಂತ್ರವನ್ನು ಹಾಗೇ ಇಟ್ಟುಕೊಳ್ಳಿ, ಇಂಟರ್ನೆಟ್ ಕೇಬಲ್ ಮಾತ್ರ ಕಿತ್ತುಬಿಡಿ. ಬಿಡುವಾದಾಗಲೆಲ್ಲ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಬೇರೆ ಡಿಸ್ಕಿನಲ್ಲಿ ಇಡಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಬೇಕು. ಹಾರ್ಡ್‌ಡಿಸ್ಕ್ ಸಾಯುವ ಮೊದಲು ಆಗಬೇಕಾದ ಕೆಲಸವಿದು.

ಪೆನ್‌ಡ್ರೈವ್‌ನಲ್ಲೊಂದು ದಾರಿ

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಶುರುಮಾಡಿದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಇಂದು ನಮ್ಮೆಲ್ಲರ ಆಂಡ್ರಾಯ್ಡ್ ಫೋನಿನ ಒಳಗಿದೆ, ಇಂಟರ್ನೆಟ್ಟಿನ ಬಹುಪಾಲು ಸರ್ವರ್‌ಗಳಲ್ಲಿದೆ. ಮೇಜಿನ ಮೇಲಿನ ಕಂಪ್ಯೂಟರಿಗೆ ಮಾತ್ರ ಅದು ತಜ್ಞರ ವಸ್ತು ಎಂಬ ಹೆಸರು ಅಂಟಿಕೊಂಡಿದೆ. ಆ ಹೆಸರು ಈಗ ಸುಳ್ಳು. ಲಿನಕ್ಸ್‌ನ ರೂಪಗಳಾದ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿದ ಯಂತ್ರದಲ್ಲಿ ವೆಬ್‌ಸೈಟ್ ತೆರೆಯುವುದು, ಪತ್ರ ಟೈಪ್ ಮಾಡುವುದು, ವಿಡಿಯೊ ನೋಡುವುದು ಇವಕ್ಕೆಲ್ಲ ಹೊಸದಾಗಿ ಕಲಿಯಬೇಕಾದ್ದು ಕಡಿಮೆ. ಮಿಂಟ್‌ಗೆ 4 ಜಿಬಿ ರ‍್ಯಾಮ್ ಇದ್ದರೆ ಸಾಕು. ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಏಳೆಂಟು ವರ್ಷದ ಯಂತ್ರವೂ ಚುರುಕಾಗುತ್ತದೆ.

ಕನ್ನಡಕ್ಕೂ ಅಲ್ಲಿ ಜಾಗವಿದೆ. ಕಗಪ ಕೀಲಿಮಣೆ ಲಿನಕ್ಸ್‌ನೊಳಗೇ ಬರುತ್ತದೆ. ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಮುಕ್ತವಾಗಿ ಸಿಗುತ್ತವೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳ ಮೆನುಗಳನ್ನು ಕನ್ನಡದಲ್ಲಿ ನೋಡಬಹುದು. ಇದನ್ನೆಲ್ಲ ಮಾಡಿದವರಲ್ಲಿ ಬಹುಪಾಲು ಜನ ಸಂಬಳವಿಲ್ಲದೆ, ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಕೂತು ಒಂದೊಂದೇ ಸಾಲು ಅನುವಾದಿಸಿದ ಸ್ವಯಂಸೇವಕರು. ನವೆಂಬರ್ ತಿಂಗಳ ಸನ್ಮಾನಗಳಲ್ಲಿ ಇವರ ಹೆಸರು ಬರುವುದು ಅಪರೂಪ. ಬರಬೇಕು.

ಪಕ್ಕದ ಕೇರಳ ತನ್ನ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ಬಳಸುತ್ತಿದೆ. ಅಲ್ಲಿನ ಶಿಕ್ಷಣ ಇಲಾಖೆಯ ‘ಕೈಟ್’ ಸಂಸ್ಥೆ ಉಬುಂಟು ಆಧರಿಸಿ ತನ್ನದೇ ಆವೃತ್ತಿ ರೂಪಿಸುತ್ತದೆ, ಹತ್ತನೇ ತರಗತಿಯ ಐಟಿ ಪರೀಕ್ಷೆಯೂ ಅದರಲ್ಲೇ ನಡೆಯುತ್ತದೆ. ನಮ್ಮಲ್ಲೂ 2025ರ ನವೆಂಬರ್‌ನ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರನ್ನು ಅನಾವರಣ ಮಾಡಿತು. ಮುಕ್ತ ಮಾದರಿಯ ರಿಸ್ಕ್–ಫೈವ್ ಪ್ರೊಸೆಸರ್, ಅದರ ಮೇಲೆ ಲಿನಕ್ಸ್, ಆಗಿನ ಬೆಲೆ 18,999 ರೂಪಾಯಿ. ಸರ್ಕಾರವೇ ಲಿನಕ್ಸ್ ಯಂತ್ರ ಮಾರಲು ಹೊರಟಿರುವಾಗ, ಶಾಲೆಗಳಲ್ಲಿ ಈಗಾಗಲೇ ಇರುವ ಹಳೆಯ ಕಂಪ್ಯೂಟರ್‌ಗಳಿಗೂ ಅದನ್ನೇ ಹಾಕಿಸಬಹುದಲ್ಲವೇ?

ಲಿನಕ್ಸ್ ಎಲ್ಲರಿಗೂ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಕೋರೆಲ್‌ಡ್ರಾನಲ್ಲಿ ಫ್ಲೆಕ್ಸ್ ಮಾಡುವವರು, ಹೆಬ್ಬೆಟ್ಟು ಸ್ಕ್ಯಾನರ್ ಇಟ್ಟುಕೊಂಡ ಸೇವಾ ಕೇಂದ್ರದವರು ವಿಂಡೋಸ್ ಬಿಡುವುದು ಕಷ್ಟ. ಆದರೆ ಮನೆಯಲ್ಲಿ ಮಗಳು ಓದಲು, ಅಜ್ಜ ಪತ್ರಿಕೆ ನೋಡಲು ಇಟ್ಟುಕೊಂಡ ಯಂತ್ರಕ್ಕೆ ಅದು ಧಾರಾಳ ಸಾಕು.

ಆಟದ ಮೋಹ, ಹಳೆಯ ಹಗ್ಗ

ಇನ್ನು ಗೇಮ್. ವಿಂಡೋಸ್ ಬಿಡದಿರಲು ಹುಡುಗರು ಹೇಳುವ ಮೊದಲ ಕಾರಣ ಇದೇ. 2000ದ ದಶಕದ ಸೈಬರ್ ಕೆಫೆಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೌಂಟರ್‌ಸ್ಟ್ರೈಕ್ ಆಡಿದವರು, ಗೆಳೆಯನ ಮನೆಯಲ್ಲಿ ರೋಡ್ ರ‍್ಯಾಶ್, ಐಜಿಐ, ವೈಸ್ ಸಿಟಿಗೆ ಸರದಿ ಕಾದವರು ಈಗ ನಲವತ್ತರ ಆಸುಪಾಸಿನಲ್ಲಿದ್ದಾರೆ. ಬಹಳ ಮಂದಿ ಫೋಲ್ಡರ್, ಡ್ರೈವ್, ಗ್ರಾಫಿಕ್ಸ್ ಕಾರ್ಡ್ ಏನೆಂದು ತಿಳಿದದ್ದೇ ಆಟದ ಸಿಡಿ ಇನ್‌ಸ್ಟಾಲ್ ಮಾಡುತ್ತ. ಅದನ್ನು ಕಾಲಹರಣವೆಂದು ಬೈದವರು ಈ ಪಾಠವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಹಗ್ಗವೂ ಈಗ ಸಡಿಲಗೊಂಡಿದೆ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಒಡೆಯ ವಾಲ್ವ್ ಕಂಪನಿ 2018ರಲ್ಲಿ ‘ಪ್ರೋಟಾನ್’ ತಂದಿತು. ವಿಂಡೋಸ್‌ಗೆಂದು ಬರೆದ ಆಟಗಳನ್ನು ಲಿನಕ್ಸ್ ಮೇಲೆ ಓಡಿಸುವ ಪದರ ಇದು. 2022ರಲ್ಲಿ ಬಂದ ‘ಸ್ಟೀಮ್ ಡೆಕ್’ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರದೊಳಗೂ ಲಿನಕ್ಸೇ ಇದೆ. 2025ರ ಅಕ್ಟೋಬರಿನ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಬಳಸುವ ಆಟಗಾರರ ಪಾಲು ಮೊದಲ ಬಾರಿ ಶೇ 3 ದಾಟಿತು. ವ್ಯಾಲರಂಟ್, ಫೋರ್ಟ್‌ನೈಟ್‌ನಂಥವು ಮಾತ್ರ ಅಲ್ಲಿ ಓಡುವುದಿಲ್ಲ. ಅವನ್ನೇ ಆಡಬೇಕೆನ್ನುವವರಿಗೆ ವಿಂಡೋಸೇ ಗತಿ.

ಬಾಕ್ಸ್: ಇಸ್ಪೀಟು ಕಲಿಸಿದ ಮೌಸು

ಸಾಲಿಟೇರ್ 1990ರಲ್ಲಿ ವಿಂಡೋಸ್ 3.0 ಜೊತೆ ಬಂತು. ಬರೆದವರು ಮೈಕ್ರೋಸಾಫ್ಟ್‌ನಲ್ಲಿ ಇಂಟರ್ನ್ ಆಗಿದ್ದ ವೆಸ್ ಚೆರ‍್ರಿ, ಎಲೆಗಳ ವಿನ್ಯಾಸ ಸೂಸನ್ ಕೇರ್ ಅವರದು. ಎಲೆಯನ್ನು ಎಳೆದು ಬೇರೆ ಕಡೆ ಇಡುತ್ತ ಜನರ ಕೈ ಮೌಸಿಗೆ ಹೊಂದಿಕೊಂಡಿತು. 2019ರಲ್ಲಿ ಈ ಆಟ ಅಮೆರಿಕದ ವಿಶ್ವ ವಿಡಿಯೊ ಗೇಮ್ ಹಾಲ್ ಆಫ್ ಫೇಮ್ ಸೇರಿತು.

ಕಾನೂನು ಎಲ್ಲಿದೆ?

ಐರೋಪ್ಯ ಒಕ್ಕೂಟ 2025ರ ಜೂನ್ 20ರಿಂದ ಹೊಸ ನಿಯಮ ಜಾರಿಗೆ ತಂದಿದೆ. ಅದರ ಪ್ರಕಾರ ಫೋನ್ ಮಾರಾಟ ನಿಂತ ಮೇಲೂ ಕಂಪನಿಗಳು ಕನಿಷ್ಠ 5 ವರ್ಷ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಕೊಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಒಂದು ಹೆಚ್ಚುವರಿ ವರ್ಷದ ಭದ್ರತಾ ಅಪ್‌ಡೇಟ್ ಕೂಡ ಯುರೋಪಿನವರಿಗೆ ಸೆಟ್ಟಿಂಗ್ಸ್ ಬ್ಯಾಕಪ್‌ನ ಷರತ್ತಿಲ್ಲದೆ ಉಚಿತವಾಗಿ ಸಿಕ್ಕಿತು. ಅಲ್ಲಿನ ಗ್ರಾಹಕ ಸಂಘಟನೆಗಳು ಬಿಡದೆ ಕೇಳಿದವು.

ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರಿಪೇರಿ ಹಕ್ಕಿನ’ ಪೋರ್ಟಲ್ ತೆರೆಯಿತು. ಇ–ತ್ಯಾಜ್ಯ ನಿರ್ವಹಣೆಯ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ಕೆಡದ ಯಂತ್ರ ತಂತ್ರಾಂಶದ ಕಾರಣಕ್ಕೆ ಕಸವಾಗುವುದನ್ನು ಈ ನಿಯಮಗಳು ತಡೆಯುವುದಿಲ್ಲ. ಕಸವಾದ ಮೇಲೆ ಏನು ಮಾಡಬೇಕೆಂದು ಮಾತ್ರ ಹೇಳುತ್ತವೆ. ಬೋರ್ಡ್ ಸುಟ್ಟು ತಾಮ್ರ ತೆಗೆಯುವ ಗುಜರಿಗಳಲ್ಲಿ ಸೀಸದ ಹೊಗೆ ಕುಡಿಯುವವರು ಆ ಕಂಪ್ಯೂಟರನ್ನು ಒಮ್ಮೆಯೂ ಬಳಸದ ಬಡವರು. ಕಂಪ್ಯೂಟರಿಗೆ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೇ, ಬೆಲೆಯ ಪಕ್ಕದಲ್ಲೇ ಮುದ್ರಿಸಬೇಕೆಂಬ ನಿಯಮವನ್ನಾದರೂ ನಾವು ಕೇಳಬೇಕು.

ಬಾಕ್ಸ್: ವಿಂಡೋಸ್ 10 ಇನ್ನೂ ಇದ್ದರೆ

ಮೊದಲು ಬಯಾಸ್‌ನಲ್ಲಿ ಟಿಪಿಎಂ ಆನ್ ಆಗಿದೆಯೇ ನೋಡಿಸಿ. ಎಂಟನೇ ಪೀಳಿಗೆ ಅಥವಾ ನಂತರದ ಪ್ರೊಸೆಸರ್ ಇದ್ದೂ ಆ ಚಿಪ್ ಆಫ್ ಆಗಿರುವ ಕಾರಣಕ್ಕೇ ಹನ್ನೊಂದು ಕೂರದಿರುವುದುಂಟು.
ಮನೆಬಳಕೆದಾರರು 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ಉಚಿತ. ಬ್ಯಾಕಪ್ ಬೇಡವೆಂದರೆ 30 ಡಾಲರ್.
ಸಂಸ್ಥೆಗಳಿಗೆ ಮೊದಲ ವರ್ಷ ಕಂಪ್ಯೂಟರಿಗೆ 61 ಡಾಲರ್, ಪ್ರತಿ ವರ್ಷ ದುಪ್ಪಟ್ಟು. ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷ 1 ಡಾಲರ್.

ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಇಂಥ ಯಂತ್ರವಿದ್ದರೆ ಒಂದು ಭಾನುವಾರ ಅದಕ್ಕಾಗಿ ಕೊಡಿ. ಫೋಟೊ, ಕಾಗದಪತ್ರಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. 8 ಜಿಬಿ ಪೆನ್‌ಡ್ರೈವಿಗೆ ಲಿನಕ್ಸ್ ಮಿಂಟ್ ಹಾಕಿ, ಅದರಿಂದಲೇ ಕಂಪ್ಯೂಟರ್ ಆನ್ ಮಾಡಿ ನೋಡಿ. ಇನ್‌ಸ್ಟಾಲ್ ಮಾಡುವವರೆಗೂ ಒಳಗಿರುವ ವಿಂಡೋಸ್‌ಗೆ ಏನೂ ಆಗುವುದಿಲ್ಲ. ವೈಫೈ, ಪ್ರಿಂಟರ್, ಸೌಂಡ್ ಓಡಿದರೆ ಇಟ್ಟುಕೊಳ್ಳಿ. ನಿಮಗೆ ಬೇಡವಾದರೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ, ಅಲ್ಲಿಗೆ ಕೊಡಿ. ನಿಜಕ್ಕೂ ಕೆಟ್ಟಿದ್ದರೆ ಮಾತ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನ್ಯತೆ ಇರುವ ಮರುಬಳಕೆ ಘಟಕಕ್ಕೆ ತಲುಪಿಸಿ. ವಿಂಡೋಸ್ 10ರಲ್ಲೇ ಉಳಿಯುವುದಾದರೆ ಹೆಚ್ಚುವರಿ ಅಪ್‌ಡೇಟ್‌ಗೆ ಇವತ್ತೇ ನೋಂದಾಯಿಸಿಕೊಳ್ಳಿ.